ಆಧಾರ ಕೇಳುತ್ತಿದ್ದ ಸಾಹೇಬರು

ಕಳೆದ ತಿಂಗಳು ನಮ್ಮ ಹಳೆಯ ಸಾಹೇಬರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂತು. ಅರ್ಧ ಕಾಲಮಿನ ಬರಹ, ಮೇಲೊಂದು ಫೋಟೋ. ಹಾನಗಲ್ಲ ಸೀಮೆಯ ಭತ್ತದ ಒಕ್ಕಲಿಗರ ಕಣ್ಣು ತೆರೆಸಿದ ಸಂಶೋಧಕರು, ಗದ್ದೆಯ ಕೆಸರಿನಲ್ಲಿ ಆಯುಷ್ಯ ಸವೆಸಿದವರು ಎಂದೆಲ್ಲ ಬರೆದಿದ್ದರು. ನಾನು ಅವರ ಕೈಕೆಳಗೆ ಹತ್ತು ವರ್ಷ ಒಕ್ಕಲುತನ ಖಾತೆಯ ಕಾಮಗಾರನಾಗಿದ್ದವನು. ಕಾಮಗಾರನೆಂದರೆ ರೈತರಿಗೆ ಹೊಸ ಬೀಜ, ಹೊಸ ಪದ್ಧತಿ ತಿಳಿಸಿಕೊಡುವ, ಪ್ರಯೋಗದ ಗದ್ದೆ ನೋಡಿಕೊಳ್ಳುವ, ಸಾಹೇಬರು ಹೇಳಿದ ವರದಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದು ಪುಣೆಯ ಮುಖ್ಯ ಕಚೇರಿಗೆ ಕಳಿಸುವ ಸಣ್ಣ ನೌಕರ. ಕೆಸರಿನ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಅವರ ಬೂಟು.

ಆ ಬೂಟಿಗೆ ಒಂದು ದಿನವೂ ಕೆಸರು ಹತ್ತಿದ್ದನ್ನು ಬಹಳ ವರ್ಷ ನಾನು ಕಾಣಲಿಲ್ಲ. ಸಾಹೇಬರು ಗದ್ದೆಯ ಬದುವಿನ ಮೇಲೆ ನಿಲ್ಲುತ್ತಿದ್ದರು. ನಾನು ಧೋತರ ಎತ್ತಿ ಕಟ್ಟಿಕೊಂಡು ಕೆಳಗಿಳಿದು, ಅವರು ಕೋಲಿನಿಂದ ತೋರಿಸಿದ ಬುಡವನ್ನು ಬೇರುಸಹಿತ ಕಿತ್ತು, ಕಾಲುವೆಯಲ್ಲಿ ತೊಳೆದು, ಅವರು ಹಾಸಿದ ಕರವಸ್ತ್ರದ ಮೇಲೆ ಇಡಬೇಕು. ಆಮೇಲೆ ಕಿಸೆಯಿಂದ ಬೆಳ್ಳಿ ಕಟ್ಟಿನ ಭೂತಕನ್ನಡಿ ಹೊರಬರುತ್ತಿತ್ತು. ಎತ್ತರದ ಆಳು, ತಲೆಯ ಮೇಲೆ ಖಾಕಿ ಟೊಪ್ಪಿಗೆ, ಮೊಣಕಾಲತನಕ ಸುತ್ತಿದ ಪಟ್ಟಿ. ದೂರದಿಂದ ನೋಡಿದವರು ಫೌಜಿನವರೆಂದು ತಿಳಿದು ದಾರಿ ಬಿಡುತ್ತಿದ್ದರು. ಅದು ಅವರಿಗೆ ಸಮಾಧಾನ ಕೊಡುತ್ತಿತ್ತು.

ಭತ್ತದ ಮೇಲೆ ಸಂಶೋಧನೆ ನಡೆಸುತ್ತಿದ್ದ ಈ ಮನುಷ್ಯ ಅನ್ನ ಉಣ್ಣುತ್ತಿರಲಿಲ್ಲ. ಅನ್ನದಿಂದ ಬುದ್ಧಿ ಮಂದವಾಗುತ್ತದೆಂದು ಅವರ ನಂಬಿಕೆ. ಧಾರವಾಡದಿಂದ ಡಬ್ಬಿಯಲ್ಲಿ ಗೋದಿಹಿಟ್ಟು ತರಿಸಿಕೊಳ್ಳುತ್ತಿದ್ದರು. ಹಳ್ಳಿಯ ಗೌಡರ ಮನೆಯಲ್ಲಿ ಹೊಸ ಅಕ್ಕಿಯ ಅನ್ನ ಬಡಿಸಿದರೆ ಎರಡು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, ಟಿಪ್ಪಣಿ ಬರೆದುಕೊಂಡು, ತಾಟು ಸರಿಸಿಬಿಡುತ್ತಿದ್ದರು. ಬಡಿಸಿದ ಹೆಣ್ಣುಮಗಳು ತನ್ನ ಅಡಿಗೆಯಲ್ಲಿ ಏನು ಕೆಟ್ಟಿತೆಂದು ಬಾಗಿಲ ಸಂದಿಯಿಂದ ನನ್ನ ಮುಖ ನೋಡುತ್ತಿದ್ದಳು.

ಅವರ ಬಾಯಲ್ಲಿ ಸದಾ ಕುಣಿಯುತ್ತಿದ್ದ ಮಾತು ಒಂದೇ: ಆಧಾರ ಏನು? ಈ ಸಲ ಮಿರಗದ ಮಳೆ, ಮುಂಗಾರಿನ ಆ ಮೊದಲ ಮಳೆ, ತಡವಾಗುತ್ತದೆಂದು ರೈತ ಹೇಳಿದರೆ, ಆಧಾರ ಏನು. ಸಗಣಿ ಗೊಬ್ಬರ ಹಾಕಿದ ಗದ್ದೆ ಹೆಚ್ಚು ದಿನ ಹಸಿ ಹಿಡಿಯುತ್ತದೆಂದರೆ, ಆಧಾರ ಏನು. ಮೈಯಲ್ಲಿ ಜ್ವರವಿದೆ, ನಾಳೆ ರಜೆ ಬೇಕೆಂದು ನಾನು ಕೇಳಿದಾಗಲೂ ಅದೇ. ಆಧಾರ ಕೇಳುವುದು ಸಂಶೋಧಕನ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ಆ ಪ್ರಶ್ನೆಯನ್ನು ಅವರು ತಮ್ಮ ಮಾತಿಗೆ ಒಂದು ಸಲವೂ ಹಾಕಿಕೊಳ್ಳಲಿಲ್ಲ ಎಂಬುದಷ್ಟೇ ನನ್ನ ದೂರು.

ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳ ಮಳೆಯ ಅಳತೆ ತಿಂಗಳಿಗೊಮ್ಮೆ ನಮ್ಮ ಕಚೇರಿಗೆ ಬರಬೇಕಾಗಿತ್ತು. ಒಂದು ವರ್ಷ ಹಿರೇಕೆರೂರಿನ ಮಳೆ ಅಳೆಯುವ ಡಬ್ಬಿಯನ್ನು ಎಮ್ಮೆಯೊಂದು ತುಳಿದು ಜಜ್ಜಿಹಾಕಿತು. ಅಲ್ಲಿಯ ಕಾರಕೂನ ಕಾಗದ ಬರೆದ. ಸಾಹೇಬರು ಕಾಗದ ಓದಿ ನನ್ನತ್ತ ಎಸೆದರು.

"ಹಾನಗಲ್ಲಿಂದು, ಶಿಗ್ಗಾಂವಿದು ಕೂಡಿಸು. ಅರ್ಧಾ ಮಾಡು. ಹಿರೇಕೆರೂರಂತ ಬರಿ."

"ಅಲ್ಲಿ ಮಳಿನ ಬ್ಯಾರೆರೀ ಸಾಹೇಬ್ರ. ಹಾನಗಲ್ಲಾಗ ಸುರಿಯೂವಾಗ ಅಲ್ಲಿ ಧೂಳ ಹಾರತಿರತೈತಿ."

"ಆಧಾರ ಏನು? ಡಬ್ಬಿ ಒಡದೈತೆಲ್ಲ?"

ಆ ಇಡೀ ಹಂಗಾಮಿನಲ್ಲಿ ಹಿರೇಕೆರೂರಿಗೆ ಮಳೆ ಬಿದ್ದದ್ದು ನನ್ನ ಪೆನ್ಸಿಲಿನಿಂದ. ಅದೇ ಅಂಕಿಯ ಮೇಲೆ ಹಿರೇಕೆರೂರಿನ ಹತ್ತಿರದ ಅಬಲೂರು ಕಡೆಯ ಹೊಲಗಳಿಗೆ ಏನು ಬಿತ್ತಬೇಕೆಂಬ ಸಲಹೆ ಅಚ್ಚಾಯಿತು. ಅದನ್ನು ಅಬಲೂರಿನ ಗುಡಿಯ ಕಟ್ಟೆಯ ಮೇಲೆ ನಾನು ಓದಿ ಹೇಳಿದಾಗ ಒಬ್ಬ ಒಕ್ಕಲಿಗ ಬಹಳ ಮರ್ಯಾದೆಯಿಂದಲೇ ಕೇಳಿದ: "ನಿಮ್ಮ ಬುಕ್ಕಿನ್ಯಾಗ ಬಿದ್ದ ಮಳಿ ಯಾರ ಹೊಲದಾಗ ಬಿತ್ತರಿ? ಹೇಳಿದ್ರ ಹೋಗಿ ನೋಡಿ ಬರತೇವಿ." ಸಾಹೇಬರು ಅಷ್ಟರಲ್ಲಿ ಗುಡಿಯ ಹಿಂದೆ ಶಾಸನದ ಕಲ್ಲನ್ನು ಭೂತಕನ್ನಡಿಯಿಂದ ನೋಡುತ್ತಿದ್ದರು. ಉತ್ತರ ಹೇಳುವ ಕೆಲಸ ನನ್ನದಾಯಿತು. ನಾನು ನೀರು ಕೇಳಿ ಕುಡಿದೆ.

ಸವಣೂರು ನಾನು ಹುಟ್ಟಿದೂರು. ಅದು ಸಂಸ್ಥಾನವಾದ್ದರಿಂದ ನಮ್ಮ ಖಾತೆಯ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲ. ಆದರೂ ವೀಳ್ಯದ ಎಲೆತೋಟಗಳಲ್ಲಿ ಬಳ್ಳಿ ಕೊಳೆಯತೊಡಗಿದಾಗ ತೋಟದವರು ನನ್ನ ಮುಖಾಂತರವೇ ಸಾಹೇಬರನ್ನು ಕರೆಸಿಕೊಂಡರು. ಬಳ್ಳಿ ಹಬ್ಬಲು ಆಸರೆಯಾಗಿ ಬೆಳೆಸಿದ ನುಗ್ಗೆ, ಹಾಲವಾಣದ ಗಿಡಗಳನ್ನು ನೋಡಿ ಸಾಹೇಬರು, ಇವು ಬಳ್ಳಿಯ ಆಹಾರ ಕಸಿಯುತ್ತವೆ, ಕಡಿದು ಕಂಬ ನೆಡಿ ಎಂದರು. ತೋಟದ ಮುದುಕ ಕೈಮುಗಿದ.

"ಎಲಿಗೆ ನೆಳ್ಳು ಬೇಕರಿ ಸಾಹೇಬ್ರ."

"ಬೇಕಂಬೂದಕ್ಕ ಆಧಾರ ಏನು?"

"ಬ್ಯಾಸಗ್ಯಾಗ ಬರ್ರಿ, ತೋರಸ್ತೇನಿ."

ಬೇಸಗೆಯಲ್ಲಿ ಸಾಹೇಬರು ಬರಲಿಲ್ಲ. ದೊಡ್ಡವರು ಹೇಳಿದ್ದಾರಲ್ಲ ಎಂದು ಮುದುಕ ಎರಡು ಸಾಲು ಗಿಡ ಕಡಿಸಿ ಕಂಬ ನೆಟ್ಟಿದ್ದ. ಆ ಎರಡು ಸಾಲಿನ ಎಲೆ ಸುಟ್ಟ ಹಪ್ಪಳದ ಹಾಗಾಯಿತು. ನಾನು ಹೋಗಿ ನೋಡಿ ಬಂದು ಹೇಳಿದೆ. ಸಾಹೇಬರು, ಆ ಎರಡು ಸಾಲಿಗೆ ನೀರು ಸರಿಯಾಗಿ ಉಣಿಸಿಲ್ಲವೆಂದು ಬರೆಯಿಸಿದರು. ಕೊಳೆರೋಗದ ವಿಷಯ ಎಲ್ಲಿಯೂ ಬರಲೇ ಇಲ್ಲ. ಸವಣೂರಿನ ಖಾರದ ಪೊಟ್ಟಣವನ್ನು ಮಾತ್ರ ಅವರು ಯಾವ ಆಧಾರವನ್ನೂ ಕೇಳದೆ ದಾರಿಯುದ್ದಕ್ಕೂ ತಿಂದಿದ್ದರು.

ಇಷ್ಟಾದರೂ ಒಂದು ಮಾತನ್ನು ಮುಚ್ಚಿಟ್ಟರೆ ನಾನೂ ಅವರಂತೆಯೇ ವರದಿ ಬರೆದ ಹಾಗಾದೀತು. ಸಾಹೇಬರಿಗೆ ಕಣ್ಣಿತ್ತು. ಸಾವಿರಾರು ತೆನೆಗಳ ನಡುವೆ ಒಂದು ತೆನೆ ಉಳಿದವುಗಳಿಗಿಂತ ಬೇರೆಯಾಗಿದ್ದರೆ, ನಡೆಯುತ್ತ ಹೋಗುವಾಗಲೇ ಅದು ಅವರಿಗೆ ಕಾಣುತ್ತಿತ್ತು. ಕೋಲು ಎತ್ತಿ ತೋರಿಸುತ್ತಿದ್ದರು. ನಾನು ಹತ್ತಿರ ಹೋಗಿ, ಮುಟ್ಟಿ, ಎಣಿಸಿ ನೋಡಿದರೆ ಹೌದು, ಅದು ಬೇರೆಯೇ. ಇಂಥ ಕಣ್ಣು ಹತ್ತು ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಇತ್ತೋ ಇಲ್ಲವೋ. ಕುರುಡನ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಈ ಮನುಷ್ಯ ಕಾಣುವವನಾಗಿದ್ದು, ಬೇಕಾದಾಗ ಮಾತ್ರ ನೋಡುತ್ತಿದ್ದ. ನನ್ನ ತಿರಸ್ಕಾರಕ್ಕೆ ಅದೇ ಕಾರಣ.

ಹಾನಗಲ್ಲ, ಶಿಗ್ಗಾಂವಿ ಕಡೆಯ ಭತ್ತದ ರೀತಿಯೇ ಬೇರೆ. ಮೊದಲ ಮಳೆಯ ಹದಕ್ಕೆ, ಜೋಳ ಬಿತ್ತಿದ ಹಾಗೆ, ಒಣ ನೆಲದಲ್ಲಿಯೇ ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತಾರೆ. ಮುಂದೆ ಮಳೆ ಜೋರಾದಾಗ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಕೆರೆಯ ನೀರನ್ನು ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ತೆನೆ ಹೊರಬೀಳುವ ಹೊತ್ತಿಗೆ ಮಳೆ ಕೈಕೊಟ್ಟರೆ ಆಗ ತೂಬು ಎತ್ತುತ್ತಾರೆ. ಸಾಹೇಬರಿಗೆ ಇದು ಮೈಗಳ್ಳರ ಒಕ್ಕಲುತನವಾಗಿ ಕಂಡಿತು. ಗದ್ದೆಯನ್ನು ನೀರಿನಲ್ಲಿ ರಾಡಿ ಮಾಡಿ, ಸಸಿ ಬೆಳೆಸಿ, ಕಿತ್ತು, ನಾಟಿ ಮಾಡುವುದೇ ಶಾಸ್ತ್ರೀಯ ಪದ್ಧತಿ ಎಂದರು. ಅದನ್ನು ಸಿದ್ಧ ಮಾಡಿ ತೋರಿಸಲು ಹಾನಗಲ್ಲಿನಲ್ಲಿ ಕೆರೆಯ ಕೆಳಗೆ ಗದ್ದೆ ಹಿಡಿದು, ನಾಟಿಗೊಂದು, ಕೂರಿಗೆಗೊಂದು ಪಟ್ಟಿ ಮಾಡಿದರು.

ಆ ಪ್ರಯೋಗ ಹೇಗೆ ನಡೆಯಿತೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾಟಿಯ ಪಟ್ಟಿ ತೂಬಿನ ಬಾಯಿಗೇ ಇತ್ತು, ಬೇಕೆಂದಾಗ ನೀರು. ಕೂರಿಗೆಯ ಪಟ್ಟಿ ಮೇಲ್ಗಡೆ, ಕಲ್ಲುನೆಲದಲ್ಲಿ. ಅದನ್ನು ಬಿತ್ತಲು ಸಾಹೇಬರ ಅಪ್ಪಣೆ ಬಂದದ್ದು ಮಿರಗ ಕಳೆದು ಹದ ಹೋದಮೇಲೆ. ಎಡೆಕುಂಟೆಗೆ ಎತ್ತು ಕೇಳಿದರೆ, ಇದ್ದ ಎರಡು ಎತ್ತೂ ನಾಟಿಯ ಗದ್ದೆ ತುಳಿಯುತ್ತಿದ್ದವು. ಸುಗ್ಗಿಯಲ್ಲಿ ಎರಡನ್ನೂ ತೂಗಿದೆವು. ನಾಟಿ ಗೆದ್ದಿತ್ತು.

"ಕೂರಿಗಿ ಪಟ್ಟಿಗೆ ಹದಾ ತಪ್ಪಿತ್ತರಿ. ಹದಕ್ಕ ಬಿತ್ತಿದ್ರ ಹಿಂಗ ಆಗತಿದ್ದಿಲ್ಲ," ಎಂದೆ.

"ತಕ್ಕಡಿ ಸುಳ್ಳ ಹೇಳತೈತೇನು?" ಎಂದರು ಸಾಹೇಬರು. ತಕ್ಕಡಿ ಸುಳ್ಳು ಹೇಳಿರಲಿಲ್ಲ. ನಾನು ವರದಿ ಬರೆದು ಮುಗಿಸಿದೆ.

ಪುಣೆಯಿಂದ ಮೆಚ್ಚುಗೆಯ ಪತ್ರ ಬಂತು. ಇನ್ನು ಒಂದು ಇಡೀ ಹಳ್ಳಿಯಲ್ಲಿ ನಾಟಿ ಮಾಡಿಸಿ ತೋರಿಸಬೇಕೆಂದು ಅಪ್ಪಣೆ. ಸಾಹೇಬರು ಆರಿಸಿದ್ದು ಹಾನಗಲ್ಲಿಗೂ ಶಿಗ್ಗಾಂವಿಗೂ ನಡುವಿನ ಒಂದು ಹಳ್ಳಿ. ಅಲ್ಲಿ ಒಳ್ಳೆಯ ಕೆರೆಯಿತ್ತು. ನನ್ನ ಅಕ್ಕನನ್ನು ಕೊಟ್ಟದ್ದೂ ಅದೇ ಊರಿಗೆ. ಅದು ಅವರಿಗೆ ಗೊತ್ತಿತ್ತು, ಅದಕ್ಕೆಂದೇ ಆರಿಸಿದರು.

ಚಾವಡಿಯಲ್ಲಿ ಜನ ಕೂಡಿಸಿದೆವು. ಸಾಹೇಬರು ಅರ್ಧ ತಾಸು ಮಾತಾಡಿದರು. ಅಂಕಿ ಹೇಳಿದರು, ಕೋಲು ಆಡಿಸಿದರು, ಮೋಟಾರು ಹತ್ತಿ ಹೋದರು. ಅವರು ಹೋದಮೇಲೆ ಜನ ನನ್ನತ್ತ ತಿರುಗಿದರು. ಅಕ್ಕನ ಗಂಡ ಎದ್ದು ನಿಂತ.

"ನೀ ಏನಂತಿ? ನೀ ಕಣ್ಣಾರೆ ನೋಡೀಯಿಲ್ಲ?"

"ತೂಗಿದಾಂವ ನಾನ ಮಾಮಾ. ಹೆಚ್ಚ ಬಂದೈತಿ," ಎಂದೆ. ಹದ ತಪ್ಪಿದ ಮಾತು, ತೂಬಿನ ಬಾಯಿಯ ಮಾತು ಹೇಳಲಿಲ್ಲ.

ಜನರ ಹಿಂದೆ ಕಂಬಕ್ಕೆ ಒರಗಿ ಕುಳಿತಿದ್ದ ನಿಂಗವ್ವ ಆಗ ಬಾಯಿಬಿಟ್ಟಳು. ಅಕ್ಕನ ಮನೆಯ ಪಕ್ಕದಲ್ಲಿ ಆಕೆಯ ಮನೆ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಎರಡೆಕರೆ ಗದ್ದೆಯನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಮಾತು ಕಡಿಮೆ, ಆಡಿದರೆ ಮೆಲ್ಲಗೆ.

"ಕೆರಿ ನೀರು ಇರೂದು ಕಡೀಕ ಕುಡಸಾಕ, ತಮ್ಮಾ. ಈಗ ರಾಡಿ ಮಾಡಾಕ ಬಿಟ್ಟರ, ತೆನಿ ಹೊಡಿ ಹಾಯೂವಾಗ ಏನ ಕುಡಸ್ತಿ?"

"ಮಳಿ ಆಗತೈತೆಲ್ಲ ಅಕ್ಕಾ."

"ಆದ್ರ ಛೊಲೊ ಆತು. ಆಗ್ಲಿಲ್ಲಂದ್ರ?"

ಆಕೆ ಸೆರಗು ಕೊಡವಿಕೊಂಡು ಎದ್ದಳು. "ನಾ ಬಿತ್ತೇ ಬಿತ್ತತೇನಿ. ನೀವು ಸಸಿ ಹಚ್ಚರಿ," ಎಂದು ಹೊರಟುಹೋದಳು. ಆಮೇಲೆ ನಾನು ನಡೆದದ್ದನ್ನು ಹೇಳಿದಾಗ ಸಾಹೇಬರು, ಇಂಥ ಹೆಂಗಸರಿಂದಲೇ ದೇಶ ಹಿಂದೆ ಬಿದ್ದಿದೆ ಎಂದರು.

ಆ ವರ್ಷ ಮೊದಲ ಮಳೆಗಳು ಚೆನ್ನಾಗಿಯೇ ಆದವು. ಊರಿಗೆ ಊರೇ ರಾಡಿ ತುಳಿದು ಸಸಿ ಹಚ್ಚಿತು. ತೂಬು ಹಗಲೂ ಇರುಳೂ ತೆರೆದೇ ಇತ್ತು. ಹಸಿರು ನೋಡಿ ನನಗೇ ನನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು. ನಿಂಗವ್ವನ ಗದ್ದೆ ಮಾತ್ರ ನಡುವೆ ಬಡಕಲಾಗಿ, ಹಳದಿಯಾಗಿ ನಿಂತಿತ್ತು. ಸಾಹೇಬರು ಅದರ ಫೋಟೋ ತೆಗೆಸಿದರು, ತಪ್ಪು ಪದ್ಧತಿಗೆ ಉದಾಹರಣೆಯೆಂದು.

ಆಮೇಲೆ ಮಳೆ ನಿಂತಿತು. ಮಘಾ ಮಳೆ ಬರಿಗೈಯಲ್ಲಿ ಹೋಯಿತು, ಹುಬ್ಬಿ ಮಳೆಯೂ ಹೋಯಿತು. ಕೆರೆಯಲ್ಲಿ ಎಮ್ಮೆ ಮುಳುಗುವಷ್ಟೂ ನೀರಿರಲಿಲ್ಲ, ಅಷ್ಟು ಹೊತ್ತಿಗೆ ಅದು ರಾಡಿಗೆ ಹರಿದುಹೋಗಿತ್ತು. ಕೆಸರಿನಲ್ಲಿ ಮೇಲೆಮೇಲೆ ಬೇರು ಬಿಟ್ಟಿದ್ದ ನಾಟಿ ಭತ್ತ, ನೆಲ ಬಿರಿದ ಕೂಡಲೇ ಬೇರು ಹರಿದುಕೊಂಡಿತು. ತೆನೆ ಹೊಡೆಯೊಳಗೇ, ಬಿಚ್ಚದ ಎಲೆಯ ಸುರುಳಿಯೊಳಗೇ, ಸಿಕ್ಕಿಕೊಂಡು ಒಣಗಿತು. ಒಂದು ಹೊಡೆಯನ್ನು ಬಿಡಿಸಿ ನೋಡಿದೆ. ಒಳಗೆ ಬಿಳಿಯ ಹೊಟ್ಟು. ನಿಂಗವ್ವನ ಭತ್ತ ಒಣ ನೆಲದಲ್ಲಿ ಹುಟ್ಟಿದ್ದು, ನೀರು ಹುಡುಕಿಕೊಂಡು ಬೇರು ಆಳಕ್ಕೆ ಇಳಿಸಿತ್ತು. ಅದು ಸೊರಗಿದರೂ ತೆನೆ ಬಿಚ್ಚಿತು. ಮುಂದೆ ಕೊಯ್ಲಿನ ಹೊತ್ತಿಗೆ ಊರಿನಲ್ಲಿ ಕುಡುಗೋಲು ಆಡಿದ್ದು ಆಕೆಯ ಎರಡೆಕರೆಯಲ್ಲಿ ಮಾತ್ರ.

ಅಕ್ಕನ ಮನೆಗೆ ಹೋದೆ. ಮಾಮಾ ನನ್ನನ್ನು ಕಂಡು ಹಿತ್ತಲಿಗೆ ಹೋದ, ತಿರುಗಿ ಬರಲಿಲ್ಲ. ಅಕ್ಕ ಜೋಳದ ರೊಟ್ಟಿ, ಝುಣಕ ಬಡಿಸಿದಳು.

"ಸಾಹೇಬ್ರು ಹೇಳಿದ್ದಕ್ಕ ನಾ ಹೇಳಿದೆ ಅಕ್ಕಾ," ಎಂದೆ.

"ಅವರು ಯಾರೋ ನಮಗ ಗೊತ್ತಿದ್ದಿಲ್ಲಪಾ. ನಿನ್ನ ಮಾತಿಗೆ ಹಚ್ಚಿದ್ವಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಸಾಹೇಬರು ಬಂದದ್ದು ಎಂಟು ದಿನದ ಮೇಲೆ. ಸತ್ತ ಗದ್ದೆಗಳ ಬದುಗುಂಟ ತಲೆ ಎತ್ತದೆ ನಡೆದರು. ನಾನು ಹಿಂದೆ ಇದ್ದೆ. ಒಂದು ಮಾತು ಆಡುತ್ತಾರೆ, ಒಂದು ಸಲ ನಿಲ್ಲುತ್ತಾರೆ ಎಂದು ಕಾಯುತ್ತಿದ್ದೆ. ನಿಂತರು. ನಿಂಗವ್ವನ ಗದ್ದೆಯ ಮುಂದೆ. ಕೋಲು ಕೈಯಿಂದ ಬಿತ್ತು. ಅವರು ಬದುವಿನಿಂದ ಕೆಳಗಿಳಿದರು, ಬೂಟುಸಹಿತ, ಬದುವಿನ ಬುಡದಲ್ಲಿ ಇನ್ನೂ ಆರದೆ ಉಳಿದಿದ್ದ ಕೆಸರಿನಲ್ಲಿಯೇ. ಒಂದು ತೆನೆ ಹಿಡಿದರು, ಇನ್ನೊಂದು ಹಿಡಿದರು. ಆಮೇಲೆ ಕೇಳಿದರು: "ಇದು ಯಾವ ಭತ್ತ?"

"ನಮ್ಮನಿ ಭತ್ತರಿ," ಎಂದಳು ಬದುವಿನ ಮೇಲೆ ಬಂದು ನಿಂತಿದ್ದ ನಿಂಗವ್ವ. "ನಮ್ಮತ್ತಿ ಕಾಲದ್ದು. ಕೊಯ್ಲಿಕ್ಕಿಂತ ಮೊದಲ ನಾನ ಹೋಗಿ ತಾಳಿಕಿ ಇದ್ದ ತೆನಿ ಆರಿಸಿ ಕಟ್ಟಿ ಇಡತೇನಿ. ಪ್ರತಿ ವರ್ಷ ಹಂಗ ಮಾಡಕೋತ ಬಂದೇನಿ."

"ಯಾಕ ಆರಸ್ತಿ?"

"ಮಳಿ ಕೈಕೊಟ್ಟ ವರ್ಷ ತಡದು ನಿಂತದ್ದು ಯಾವ್ದೋ ಅದ ಬೀಜಕ್ಕಾಗಬೇಕಲ್ಲರಿ."

ಸಾಹೇಬರು ಅಂದು ಆಧಾರ ಕೇಳಲಿಲ್ಲ. ಆಕೆಯ ಮನೆಗೆ ಹೋಗಿ ಜಂತಿಗೆ ಕಟ್ಟಿದ್ದ ಬೀಜದ ತೆನೆಯ ಕಟ್ಟನ್ನು ಕೇಳಿದರು. ಆಕೆ ಏಣಿ ಹಾಕಿ ಹತ್ತಿ, ಕಟ್ಟು ಬಿಚ್ಚಿ, ಅರ್ಧ ತನಗಿಟ್ಟುಕೊಂಡು ಅರ್ಧ ಕೊಟ್ಟಳು. ಒಣಗಿದ ಊರಿನ ಬಗ್ಗೆ ವರದಿಯನ್ನು ಸಾಹೇಬರು ಮೋಟಾರಿನಲ್ಲಿಯೇ ಹೇಳಿ ಬರೆಯಿಸಿದರು: ರೈತರು ಸೂಚನೆಗಳನ್ನು ಸರಿಯಾಗಿ ಪಾಲಿಸಲಿಲ್ಲ.

ಮುಂದಿನ ನಾಲ್ಕು ವರ್ಷ ಆ ತೆನೆಗಳ ಕೆಲಸ ನಡೆಯಿತು. ಒಂದೊಂದು ತೆನೆಯ ಕಾಳನ್ನು ಒಂದೊಂದು ಸಾಲಾಗಿ ಬಿತ್ತಿ, ಚೀಟಿ ಕಟ್ಟಿ, ಒಳ್ಳೆಯ ಸಾಲನ್ನು ಉಳಿಸಿ, ಕೆಂಪಕ್ಕಿ ಬೆರೆತದ್ದನ್ನು, ತಡವಾಗಿ ಮಾಗುವುದನ್ನು ತೆಗೆದುಹಾಕುವ ಕೆಲಸ. ಹೊಡೆ ಬಿಚ್ಚುವ ದಿನಗಳಲ್ಲಿ ಸಾಹೇಬರು ಬೆಳಕು ಹರಿಯುವ ಮೊದಲೇ ಗದ್ದೆಯಲ್ಲಿರುತ್ತಿದ್ದರು. ಬೂಟಿನ ಗೊಡವೆ ಇಲ್ಲ, ಊಟದ ಗೊಡವೆ ಇಲ್ಲ. ಒಂದೇ ಸಮ ನೋಡುತ್ತಿದ್ದರು. ಆ ಕೆಲವು ವಾರಗಳ ಮಟ್ಟಿಗೆ ಅವರು ಬೇರೆಯೇ ಮನುಷ್ಯ, ಆ ಮನುಷ್ಯನ ಕೈಕೆಳಗೆ ಜೀವಮಾನವೆಲ್ಲ ದುಡಿಯಲು ನಾನು ತಯಾರಿದ್ದೆ. ಕೊಯ್ಲು ಮುಗಿದ ಕೂಡಲೇ ಮೊದಲಿನ ಮನುಷ್ಯ ತಿರುಗಿ ಬರುತ್ತಿದ್ದ.

ಕೊನೆಗೆ ಒಂದು ಸಾಲು ಉಳಿಯಿತು. ಒಂದೇ ಎತ್ತರ, ಒಂದೇ ಬಣ್ಣ, ನಿಂಗವ್ವನದಕ್ಕಿಂತ ನಾಲ್ಕಾರು ದಿನ ಮೊದಲೇ ಮಾಗುವಂಥದು. ಅದು ಒಳ್ಳೆಯ ಬೀಜ. ಇಂದಿಗೂ ಒಳ್ಳೆಯ ಬೀಜ. ಅದಕ್ಕೆ ಹನ್ನೊಂದನೇ ನಂಬರು ಎಂದು ಹೆಸರಿಟ್ಟರು. ನೀರು ಕಡಿಮೆ ಬೇಡುವ ಕೂರಿಗೆ ಬಿತ್ತನೆಯೇ ಈ ಸೀಮೆಯ ಕೆರೆಗಳಿಗೆ ಹಿತವೆಂದು ದೀರ್ಘ ಅಭ್ಯಾಸದಿಂದ ಕಂಡುಕೊಂಡಿರುವುದಾಗಿ ಸಾಹೇಬರು ಪುಸ್ತಿಕೆ ಬರೆದರು. ನಾಟಿಯ ಮಾತನ್ನು ತಾವು ಎಂದಾದರೂ ಆಡಿದ್ದುಂಟೆಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಪುಸ್ತಿಕೆಯ ಕರಡು ನನ್ನ ಅಕ್ಷರದಲ್ಲಿತ್ತು.

ರಿಜಿಸ್ಟರಿನಲ್ಲಿ 'ಬೀಜದ ಮೂಲ' ಎಂಬುದೊಂದು ಕಾಲಮು ಇರುತ್ತದೆ. ಬರೆಯುತ್ತ ಅಲ್ಲಿ ನಿಂತೆ.

"ಇಲ್ಲಿ ನಿಂಗವ್ವಂತ ಬರೀಲೇನ್ರಿ ಸಾಹೇಬ್ರ? ಊರಿನ ಹೆಸರೂ ಹಾಕತೇನಿ."

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ಹೆಣ್ಮಗಳ ಹೆಸರು ಯಾರು ಓದತಾರೋ ಪುಣೇದಾಗ? ಸ್ಥಳೀಯ ಅಂತ ಬರಿ."

ನನ್ನ ನೌಕರಿ ಆ ವರ್ಷ ಕಾಯಂ ಆಗುವುದಿತ್ತು. ಅದಕ್ಕೆ ಅವರ ಸಹಿ ಬೇಕಿತ್ತು. 'ಸ್ಥಳೀಯ' ಎಂದು ಬರೆದೆ. ಬಹಳ ಚೆಂದಾಗಿ ಬರೆದೆ.

ಅಷ್ಟರಲ್ಲಿ ಯುದ್ಧ ಬಂದಿತ್ತು. ಹೆಚ್ಚು ಬೆಳೆಯಿರೆಂದು ಸರ್ಕಾರ ಕೂಗತೊಡಗಿತು. ಹನ್ನೊಂದನೇ ನಂಬರು ಹಾನಗಲ್ಲಿನ ಡಿಪೋದಿಂದ ಊರೂರಿಗೆ ಹೋಯಿತು. ಅಕ್ಕನೂ ಬೀಜಕ್ಕೆ ಬಂದಳು, ಜೊತೆಗೆ ನಿಂಗವ್ವ ಬಂದಿದ್ದಳು. ಅಕ್ಕ ಚೀಲ ಒಡ್ಡಿದಾಗ ನಿಂಗವ್ವ ನಾಲ್ಕು ಕಾಳು ಎತ್ತಿಕೊಂಡು, ಅಂಗೈಯಲ್ಲಿ ತಿಕ್ಕಿ, ಒಂದನ್ನು ಹಲ್ಲಿನಲ್ಲಿ ಕಡಿದಳು.

"ಇದು ನಮ್ಮನಿ ಭತ್ತ," ಎಂದಳು.

"ಹನ್ನೊಂದನೇ ನಂಬರು ಅಕ್ಕಾ," ಎಂದೆ, ತಲೆ ಎತ್ತದೆ.

"ಹೌದೇನು? ಇರ್ಲಿ." ಉಳಿದ ಮೂರು ಕಾಳನ್ನು ಆಕೆ ರಾಶಿಗೇ ಹಾಕಿದಳು. ತನಗೆಂದು ಬೀಜ ಕೇ‍ಳಲಿಲ್ಲ. ಆಕೆಗೆ ಅದರ ಅವಶ್ಯಕತೆ ಇರಲಿಲ್ಲ.

ಸಾಹೇಬರಿಗೆ ಮೇಲಿನ ಹುದ್ದೆ ಸಿಕ್ಕಿತು. ಬೀಳ್ಕೊಡುಗೆ ಹಾನಗಲ್ಲಿನಲ್ಲಿಯೇ ಆಯಿತು. ಪೇಟೆಯ ವರ್ತಕರು ಚಪ್ಪರ ಹಾಕಿಸಿದರು, ಮಾಮಲೇದಾರರು ಅಧ್ಯಕ್ಷರು. ಹನ್ನೊಂದನೇ ನಂಬರು ಬೆಳೆದ ರೈತರೊಬ್ಬರು ನಾಲ್ಕು ಮಾತಾಡಬೇಕೆಂದು ಗೊತ್ತಾಗಿತ್ತು. ಬೆಳೆ ನೋಡಲು ಊರೂರು ತಿರುಗಿದ ನಮ್ಮ ಖಾತೆಯ ಹೊಸ ಇನ್ಸ್‌ಪೆಕ್ಟರು ಎಲ್ಲಕ್ಕೂ ಉತ್ತಮವೆಂದು ಗುರುತು ಹಾಕಿಕೊಂಡು ಬಂದದ್ದು ನಿಂಗವ್ವನ ಗದ್ದೆಯನ್ನು. ಆಕೆ ಡಿಪೋದ ಬೀಜವನ್ನು ಒಯ್ದೇ ಇಲ್ಲವೆಂದು ನಾನು ಅವನಿಗೆ ಹೇಳಲಿಲ್ಲ.

ಹಾರ ಹಾಕಿದ್ದಾಯಿತು, ಪದ್ಯ ಓದಿದ್ದಾಯಿತು. ಸಾಹೇಬರು ಎದ್ದು ರೈತರ ಅಜ್ಞಾನದೊಡನೆ ತಾವು ಹೋರಾಡಿದ ಕಥೆ ಹೇಳಿ ಕುಳಿತರು. ನಾನು ವೇದಿಕೆಯ ಮಗ್ಗುಲಲ್ಲಿ, ಸಭೆಯ ವೃತ್ತಾಂತ ಬರೆಯುತ್ತ ಕುಳಿತಿದ್ದೆ. ಮಾಮಲೇದಾರರು ನಿಂಗವ್ವನನ್ನು ಕರೆದರು.

"ಬಾರವಾ, ಮುಂದ ಬಾ. ಸಾಹೇಬರ ಬೀಜ ಹೆಂಗೈತಿ, ನಾಕ ಮಂದೀಗೆ ಹೇಳು."

ಆಕೆ ಸೆರಗು ಹೊದ್ದು ಎದ್ದು ನಿಂತಳು. ವೇದಿಕೆಯ ಕಡೆಗಲ್ಲ, ಜನರ ಕಡೆಗೆ ಮುಖ ಮಾಡಿದಳು.

"ಈ ಭತ್ತ ಮೊದಲ ನಮ್ಮ ಮನ್ಯಾಗ ಹೆಂಗಿತ್ತೋ ಈಗೂ ಹಂಗ ಐತ್ರಿ. ಇವರು ಚೀಟಿ ಕಟ್ಯಾರ."

ಅಷ್ಟು ಹೇಳಿ ಕುಳಿತುಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಕ್ಕೆ ಬಂತು, ಮುಂದಿನ ಕುರ್ಚಿಗಳ ಹತ್ತಿರ ಬಂದು ನಿಂತಿತು. ಕೊರಳಿನ ಹಾರ ಬಿಡಿಸಿಕೊಳ್ಳುವ ಗದ್ದಲದಲ್ಲಿದ್ದ ಸಾಹೇಬರು ಮಾಮಲೇದಾರರ ಕಡೆ ಬಾಗಿ, "ಏನಂದ್ಲು?" ಎಂದರು.

"ಉಪಕಾರ ನೆನಸಿದಳ್ರಿ," ಎಂದರು ಮಾಮಲೇದಾರರು.

ಸಾಹೇಬರು ತಲೆಯಾಡಿಸಿದರು. ನನ್ನತ್ತ ತಿರುಗಿ, "ಬರಕೋ," ಎಂದರು. ನಾನು ಬರೆದೆ: ರೈತರ ಪರವಾಗಿ ಮಹಿಳೆಯೊಬ್ಬರು ಸಾಹೇಬರ ಉಪಕಾರವನ್ನು ಸ್ಮರಿಸಿದರು.

ಸಭೆ ಮುಗಿದು ಜನ ಚದುರಿದರು. ಊರಿನ ಚಕ್ಕಡಿ ಹೂಡುವುದಕ್ಕೆ ಇನ್ನೂ ಹೊತ್ತಿತ್ತು. ನಿಂಗವ್ವ ಬಂದು ನನ್ನ ಮೇಜಿನ ಮಗ್ಗುಲಿಗೆ, ನೆಲದ ಮೇಲೆ ಕುಳಿತಳು.

"ನಾ ಆಡಿದ್ದು ಬರಕೊಂಡ್ಯೇನು ತಮ್ಮಾ?"

"ಬರಕೊಂಡೇನಿ ಅಕ್ಕಾ."

"ಓದಿ ಹೇಳು, ಕೇಳೂಣು."

ಆಕೆಗೆ ಅಕ್ಷರ ಬರುತ್ತಿರಲಿಲ್ಲ. ನಾನು ಕಾಗದ ಎತ್ತಿಕೊಂಡೆ. ಅದರ ಮೇಲೆ ಕಣ್ಣಿಟ್ಟು, ಬೆರಳು ಸರಿಸುತ್ತ, ಅಲ್ಲಿಲ್ಲದ ಮಾತನ್ನು ಓದಿದೆ: "ಈ ಭತ್ತ ಮೊದಲ ನಮ್ಮ ಮನ್ಯಾಗ ಹೆಂಗಿತ್ತೋ ಈಗೂ ಹಂಗ ಐತ್ರಿ. ಇವರು ಚೀಟಿ ಕಟ್ಯಾರ."

ಆಕೆ ಕಣ್ಣು ಮುಚ್ಚಿ ಕೇಳಿದಳು. ಮುಖದ ಮೇಲೆ ಸಂತೋಷವಿತ್ತು.

"ಇನ್ನೊಮ್ಮೆ ಓದು."

ಬೆರಳನ್ನು ಅದೇ ಸಾಲಿನ ಮೊದಲಿಗೆ ತಂದು ಇನ್ನೊಮ್ಮೆ ಓದಿದೆ. "ಈ ಭತ್ತ ಮೊದಲ ನಮ್ಮ ಹೊಲದಾಗ ಹೆಂಗಿತ್ತೋ..."

ಆಕೆ ಕಣ್ಣು ತೆರೆದಳು. ನನ್ನನ್ನು ನೋಡಿದಳು, ಕಾಗದ ನೋಡಿದಳು.

"ಹೊಲ ಅಂದಿಲ್ಲ. ಮನಿ ಅಂದೇನಿ," ಎಂದಳು.

ನಾನು ಕಾಗದವನ್ನು ಕೆಳಗಿಟ್ಟೆ. ಆಕೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಸೀರೆಗೆ ಹತ್ತಿದ್ದ ಮಣ್ಣು ಝಾಡಿಸಿಕೊಂಡಳು.

"ಇರ್ಲಿ ಬಿಡು ತಮ್ಮಾ," ಎಂದು ಚಕ್ಕಡಿಯ ಕಡೆಗೆ ನಡೆದಳು.